ಬೇಸಾಯಗಾರನೂ ಎರಡು ಸರ್ಕಾರಗಳೂ

ಬೇಸಾಯಗಾರನು ಉಳುವುದು ಒಂದು ಹೊಲ. ಆ ಹೊಲದ ಮೇಲೆ ನಡೆಯುವ ಆಡಳಿತವಾದರೋ ಎರಡು. ಜಮೀನಿನ ಪಹಣಿಯನ್ನು ಬರೆದಿಡುವುದೂ ಕಂದಾಯವನ್ನು ವಸೂಲು ಮಾಡುವುದೂ ರಾಜ್ಯ ಸರ್ಕಾರದ ಕೆಲಸ. ಅದೇ ಜಮೀನಿಗೆ ಹಾಕುವ ಯೂರಿಯಾ ಗೊಬ್ಬರದ ಗರಿಷ್ಠ ಮಾರಾಟ ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ಬಿತ್ತನೆ ಬೀಜವು ಹೇಗಿರತಕ್ಕದ್ದೆಂಬ ಕಾನೂನನ್ನು ಮಾಡಿರುವುದು ಪಾರ್ಲಿಮೆಂಟು. ಅಂಗಡಿಗೆ ಹೋಗಿ ಆ ಬೀಜದ ಮಾದರಿಯನ್ನು ತೆಗೆಯುವ ಅಧಿಕಾರಿ ರಾಜ್ಯದ ನೌಕರ. ಬೆಳೆದುದನ್ನು ಮಾರುವ ಮಂಡಿಯು ರಾಜ್ಯದ ಕಾನೂನಿನಂತೆ ನಡೆಯುತ್ತದೆ. ಅದನ್ನು ಹೊರದೇಶಕ್ಕೆ ಕಳುಹಿಸಬಹುದೇ ಕೂಡದೇ ಎಂಬುದು ದೆಹಲಿಯಲ್ಲಿ ತೀರ್ಮಾನವಾಗುತ್ತದೆ.

ಈ ವ್ಯವಸ್ಥೆಯ ಪರಿಚಯವಿಲ್ಲದ ರೈತನು ಕಷ್ಟ ಬಂದಾಗ ಕಂಡ ಕಛೇರಿಗೆ ಅರ್ಜಿ ಬರೆಯುವನು. ಅರ್ಜಿಯು ಒಂದು ಕಛೇರಿಯಿಂದ ಮತ್ತೊಂದಕ್ಕೆ ಸುತ್ತಿ ಬರುವಷ್ಟರಲ್ಲಿ ಹಂಗಾಮು ಕಳೆದಿರುತ್ತದೆ. ಹದ ತಪ್ಪಿದ ಮೇಲೆ ಬಂದ ಮಳೆಯಂತೆ, ಹಂಗಾಮು ಮೀರಿ ಬಂದ ಉತ್ತರದಿಂದಲೂ ಪ್ರಯೋಜನವಿಲ್ಲ. ಆದುದರಿಂದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡುವೆ ಅಧಿಕಾರವು ಯಾವ ರೀತಿಯಲ್ಲಿ ಹಂಚಿಕೆಯಾಗಿದೆಯೆಂಬ ವಿಷಯವು ವಕೀಲರಿಗೆ ಮಾತ್ರ ಸಂಬಂಧಪಟ್ಟುದೆಂದು ಬಗೆಯದೆ, ರೈತರೂ ಇದನ್ನು ತಕ್ಕಮಟ್ಟಿಗೆ ಅರಿತಿರುವುದು ಅವಶ್ಯಕ.

ಹಂಚಿಕೆಯ ತತ್ತ್ವ

ಒಟ್ಟು ಕುಟುಂಬದ ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಹೊಲಗದ್ದೆಗಳನ್ನು ಬೇರೆಬೇರೆಯಾಗಿ ಹಂಚಿಕೊಂಡರೂ, ಬಾವಿಯನ್ನೂ ಬಂಡಿಯ ದಾರಿಯನ್ನೂ ಕಾಲುವೆಯನ್ನೂ ಎಲ್ಲರಿಗೂ ಸೇರಿದಂತೆ ಉಳಿಸಿಕೊಳ್ಳುವುದು ವಾಡಿಕೆ. ಒಬ್ಬನ ಹೊಲದೊಳಗೇ ಮುಗಿಯುವ ಕೆಲಸ ಅವನದು. ಹಲವರ ಹೊಲಗಳನ್ನು ಹಾದುಹೋಗುವುದು ಎಲ್ಲರದು. ಒಕ್ಕೂಟ ಪದ್ಧತಿಯ ಸರ್ಕಾರಗಳಲ್ಲಿ ಅಧಿಕಾರವನ್ನು ಹಂಚುವ ತತ್ತ್ವವೂ ಬಹುಮಟ್ಟಿಗೆ ಇದೇ ಆಗಿದೆ. ರಾಜ್ಯದ ಗಡಿಯೊಳಗೆ ನಡೆದು ಮುಗಿಯುವ ವಿಷಯಗಳು ರಾಜ್ಯಕ್ಕೆ. ಗಡಿಯನ್ನು ದಾಟುವ ವಿಷಯಗಳು ಕೇಂದ್ರಕ್ಕೆ. ಇವರಿಬ್ಬರಿಗೂ ಅಧಿಕಾರವು ಬರುವುದು ಸಂವಿಧಾನದಿಂದ. ತನ್ನ ಪಾಲಿನ ವಿಷಯಗಳಲ್ಲಿ ಕಾನೂನು ಮಾಡುವುದಕ್ಕೆ ರಾಜ್ಯವು ಕೇಂದ್ರದ ಗುಮಾಸ್ತನಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ನಮ್ಮ ದೇಶದಲ್ಲಿ ಬೇಸಾಯವು ಪ್ರಾಂತಗಳ ಪಾಲಿಗೆ ಬಂದುದು ಇಂದು ನಿನ್ನೆಯ ಮಾತಲ್ಲ. ೧೯೧೯ರ ಇಂಡಿಯಾ ಸರ್ಕಾರದ ಕಾನೂನಿನಂತೆ, ಬ್ರಿಟಿಷ್ ಪ್ರಾಂತಗಳಲ್ಲಿ ವ್ಯವಸಾಯವು ಜನರಿಗೆ ಹೊಣೆಯಾದ ಮಂತ್ರಿಗಳ ವಶಕ್ಕೆ ಬಿಟ್ಟ ವಿಷಯಗಳಲ್ಲಿ ಸೇರಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳಿಗೂ, ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೂ ಈ ಏರ್ಪಾಡು ಅನ್ವಯಿಸಿತು. ಮೈಸೂರು ಸಂಸ್ಥಾನವು ಇದಕ್ಕೆ ಮುಂಚಿನಿಂದಲೇ ವ್ಯವಸಾಯದ ಇಲಾಖೆಯನ್ನು ತಾನೇ ನಡೆಸಿಕೊಂಡು ಬರುತ್ತಿತ್ತು. ೧೯೩೫ರ ಕಾನೂನು ವಿಷಯಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿತು. ೧೯೫೦ನೆಯ ಇಸವಿ ಜನವರಿ ೨೬ರಂದು ಜಾರಿಗೆ ಬಂದ ಭಾರತದ ಸಂವಿಧಾನವು ಆ ಮೂರು ಪಟ್ಟಿಗಳ ಕ್ರಮವನ್ನೇ ತನ್ನ ಏಳನೆಯ ಅನುಸೂಚಿಯಲ್ಲಿ ಇರಿಸಿಕೊಂಡಿತು.

ಮೂರು ಪಟ್ಟಿಗಳು

ಮೊದಲಿಗೆ ಕೇಂದ್ರ ಪಟ್ಟಿಯಲ್ಲಿ ೯೭, ರಾಜ್ಯ ಪಟ್ಟಿಯಲ್ಲಿ ೬೬, ಸಮವರ್ತಿ ಪಟ್ಟಿಯಲ್ಲಿ ೪೭ ಬಾಬುಗಳಿದ್ದವು. ಮುಂದೆ ತಿದ್ದುಪಡಿಗಳಿಂದ ಇವು ಅಷ್ಟಿಷ್ಟು ಬದಲಾಗಿರುತ್ತವೆ. ಕೇಂದ್ರ ಪಟ್ಟಿಯ ವಿಷಯಗಳಲ್ಲಿ ಪಾರ್ಲಿಮೆಂಟು ಮಾತ್ರ ಕಾನೂನು ಮಾಡಬಹುದು. ರಾಜ್ಯ ಪಟ್ಟಿಯ ವಿಷಯಗಳಲ್ಲಿ ಸಾಧಾರಣವಾಗಿ ರಾಜ್ಯದ ಶಾಸನಸಭೆಗೆ ಅಧಿಕಾರ. ಸಮವರ್ತಿ ಪಟ್ಟಿಯ ವಿಷಯಗಳಲ್ಲಿ ಇಬ್ಬರೂ ಕಾನೂನು ಮಾಡಬಹುದಾದರೂ, ಎರಡು ಕಾನೂನುಗಳು ಒಂದಕ್ಕೊಂದು ವಿರುದ್ಧವಾದಾಗ ೨೫೪ನೆಯ ವಿಧಿಯಂತೆ ಕೇಂದ್ರದ ಕಾನೂನೇ ನಿಲ್ಲುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆಯನ್ನು ಪಡೆದ ರಾಜ್ಯದ ಕಾನೂನಿಗೆ ಮಾತ್ರ ಆ ರಾಜ್ಯದೊಳಗೆ ವಿನಾಯಿತಿಯುಂಟು. ಯಾವ ಪಟ್ಟಿಗೂ ಸೇರದೆ ಉಳಿದ ವಿಷಯಗಳು ಕೇಂದ್ರಕ್ಕೆ ಸೇರುತ್ತವೆ.

ರೈತನಿಗೆ ಹತ್ತಿರವಾದ ಬಾಬುಗಳು ಬಹುತೇಕ ರಾಜ್ಯ ಪಟ್ಟಿಯಲ್ಲಿಯೇ ಇವೆ. ವ್ಯವಸಾಯ, ವ್ಯವಸಾಯದ ವಿದ್ಯಾಭ್ಯಾಸ ಮತ್ತು ಸಂಶೋಧನೆ, ಕೀಟಗಳಿಂದ ರಕ್ಷಣೆ, ಸಸ್ಯರೋಗಗಳ ನಿವಾರಣೆ ಇವೆಲ್ಲವೂ ೧೪ನೆಯ ಬಾಬಿನಲ್ಲಿ ಅಡಕವಾಗಿವೆ. ದನಕರುಗಳ ರಕ್ಷಣೆ ಮತ್ತು ಅಭಿವೃದ್ಧಿ ೧೫ರಲ್ಲಿ; ನೀರು, ನೀರಾವರಿ, ಕಾಲುವೆಗಳು ೧೭ರಲ್ಲಿ; ಜಮೀನು ೧೮ರಲ್ಲಿ; ಸಂತೆ ಜಾತ್ರೆ ಮಾರುಕಟ್ಟೆಗಳು ೨೮ರಲ್ಲಿ; ಸಹಕಾರ ಸಂಘಗಳು ೩೨ರಲ್ಲಿ; ಭೂಕಂದಾಯ ೪೫ರಲ್ಲಿ; ವ್ಯವಸಾಯದ ಆದಾಯದ ಮೇಲಣ ತೆರಿಗೆ ೪೬ರಲ್ಲಿ. ವ್ಯವಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದಕ್ಕೆ ಈ ಕಡೆಯ ಬಾಬೇ ಮೂಲ.

ಇಷ್ಟನ್ನು ಮಾತ್ರ ಓದಿದವರಿಗೆ ಬೇಸಾಯವೆಲ್ಲವೂ ರಾಜ್ಯದ ವಶವೆಂದು ತೋರಬಹುದು. ಆದರೆ ಹೊರದೇಶದ ವ್ಯಾಪಾರ, ರಾಜ್ಯರಾಜ್ಯಗಳ ನಡುವಣ ವ್ಯಾಪಾರ, ಹಲವು ರಾಜ್ಯಗಳಲ್ಲಿ ಹರಿಯುವ ನದಿಗಳ ನಿಯಂತ್ರಣ, ಬ್ಯಾಂಕುಗಳು ಇವು ಕೇಂದ್ರ ಪಟ್ಟಿಯಲ್ಲಿವೆ. ಹೊಲದಿಂದ ಹೊರಟ ವಸ್ತುವು ಗಡಿಯ ಕಡೆಗೆ ಸಾಗಿದಂತೆಲ್ಲ ರಾಜ್ಯದ ಅಧಿಕಾರ ಕುಗ್ಗಿ ಕೇಂದ್ರದ ಅಧಿಕಾರ ಹೆಚ್ಚುತ್ತದೆ.

ಕೀಟಕ್ಕೆ ಗಡಿಯಿಲ್ಲ

ಇದಕ್ಕೆ ಕೀಟಗಳ ನಿದರ್ಶನವೇ ಸಾಕು. ಹೊಲದಲ್ಲಿ ಕಂಡುಬಂದ ಹುಳುವನ್ನು ಹತೋಟಿಗೆ ತರುವುದು ರಾಜ್ಯದ ಕರ್ತವ್ಯ. ಆ ಹುಳುವು ಒಂದು ರಾಜ್ಯದಿಂದ ಮತ್ತೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ ೨೯ನೆಯ ಬಾಬಿಗೆ ಸೇರಿ ಇಬ್ಬರ ಕರ್ತವ್ಯವಾಗುತ್ತದೆ. ಹೊರದೇಶದಿಂದ ಬರುವ ಬೀಜ, ಸಸಿ, ಹಣ್ಣುಗಳೊಡನೆ ಅದು ಒಳನುಗ್ಗದಂತೆ ಬಂದರುಗಳಲ್ಲಿಯೂ ವಿಮಾನ ನಿಲ್ದಾಣಗಳಲ್ಲಿಯೂ ತಪಾಸಣೆ ನಡೆಸುವುದು ಕೇಂದ್ರದ ಕರ್ತವ್ಯ. ಈ ತಪಾಸಣೆಗೆ ೧೯೧೪ರಷ್ಟು ಹಿಂದಿನ ಕಾನೂನೊಂದೂ ಅದರ ಮೇರೆಗೆ ಹೊರಟ ೨೦೦೩ರ ಆಜ್ಞೆಯೂ ಆಧಾರವಾಗಿವೆ.

೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಸೀಮೆಯ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು. ಅಮೆರಿಕಾ ಖಂಡಗಳಿಗೆ ಸೇರಿದ ಈ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದುದು ಕರ್ನಾಟಕದಲ್ಲಿಯೇ. ಮುಂದಿನ ವರ್ಷದೊಳಗಾಗಿ ಅದು ದೇಶದ ಅನೇಕ ರಾಜ್ಯಗಳಿಗೆ ಹಬ್ಬಿತು. ಇದರ ಪತಂಗವು ಒಂದೇ ರಾತ್ರಿಯಲ್ಲಿ ಬಹುದೂರ ಹಾರಬಲ್ಲದು. ಒಂದು ರಾಜ್ಯವು ತನ್ನ ಗಡಿಯೊಳಗೆ ಎಷ್ಟೇ ಶ್ರಮಪಟ್ಟರೂ, ಪಕ್ಕದ ರಾಜ್ಯಕ್ಕೆ ಸಕಾಲದಲ್ಲಿ ಸುದ್ದಿ ಮುಟ್ಟದೆ, ತಕ್ಕ ಔಷಧಿಗಳಿಗೆ ಕೇಂದ್ರದ ಅನುಮತಿ ದೊರೆಯದೆ ಹೋದರೆ, ಆ ಶ್ರಮವು ನೆರೆಯವನು ಕಳೆ ಕೀಳದ ಹೊಲದ ಪಕ್ಕದಲ್ಲಿ ತಾನೊಬ್ಬನೇ ಕಳೆ ಕಿತ್ತಂತೆಯೇ ಸರಿ.

ನದಿಯ ನೀರು

ನೀರು ರಾಜ್ಯ ಪಟ್ಟಿಯಲ್ಲಿದ್ದರೂ, ಆ ಬಾಬು ಕೇಂದ್ರ ಪಟ್ಟಿಯ ೫೬ನೆಯ ಬಾಬಿಗೆ ಒಳಪಟ್ಟದ್ದೆಂದು ಅಲ್ಲಿಯೇ ಹೇಳಿದೆ. ಕೆರೆಯ ನೀರು ಊರಿನದು, ನದಿಯ ನೀರು ಹಲವು ನಾಡಿನದು ಎಂಬುದೇ ಇದರ ತಾತ್ಪರ್ಯ. ನದೀಜಲದ ವ್ಯಾಜ್ಯಗಳನ್ನು ತೀರಿಸುವುದಕ್ಕೆ ೨೬೨ನೆಯ ವಿಧಿಯು ಪಾರ್ಲಿಮೆಂಟಿಗೆ ಅಧಿಕಾರ ಕೊಟ್ಟಿದ್ದು, ಅದರ ಮೇರೆಗೆ ೧೯೫೬ರಲ್ಲಿ ಅಂತರರಾಜ್ಯ ಜಲವಿವಾದಗಳ ಕಾನೂನು ಆಯಿತು.

ಕಾವೇರಿಯ ವಿಷಯವು ಎಲ್ಲರಿಗೂ ತಿಳಿದುದೇ. ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಮೈಸೂರು ಮತ್ತು ಮದರಾಸುಗಳ ನಡುವೆ ಒಪ್ಪಂದಗಳಾಗಿದ್ದವು. ೧೯೯೦ರಲ್ಲಿ ನೇಮಕವಾದ ನ್ಯಾಯಮಂಡಲಿಯು ೨೦೦೭ರಲ್ಲಿ ಕಡೆಯ ತೀರ್ಪನ್ನು ಕೊಟ್ಟು, ೭೪೦ ಶತಕೋಟಿ ಘನ ಅಡಿಗಳ ಲೆಕ್ಕದಲ್ಲಿ ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭ ಎಂದು ಹಂಚಿತು. ೨೦೧೮ರ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು ೨೮೪.೭೫ಕ್ಕೆ ಹೆಚ್ಚಿಸಿ ತಮಿಳುನಾಡಿನ ಪಾಲನ್ನು ೪೦೪.೨೫ಕ್ಕೆ ಇಳಿಸಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ರಚಿತವಾಯಿತು. ಮಂಡ್ಯದ ರೈತನು ನಾಲೆಯ ತೂಬಿನ ಕೊರತೆಗಳಿಗೆ ರಾಜ್ಯದ ನೀರಾವರಿ ಇಂಜಿನಿಯರರನ್ನು ಕೇಳಬಹುದು. ಆದರೆ ಮಳೆ ಕಡಮೆಯಾದ ವರ್ಷದಲ್ಲಿ ಕಟ್ಟೆಯಿಂದ ಕೆಳಕ್ಕೆ ಎಷ್ಟು ನೀರು ಹೋಗಬೇಕೆಂಬುದು ಆ ಇಂಜಿನಿಯರರ ಕೈಯಲ್ಲಿಲ್ಲ. ಕೆಳಗಿನ ತಂಜಾವೂರಿನ ಸೀಮೆಯ ರೈತನಿಗೂ ಇದೇ ಮಾತು ಅನ್ವಯಿಸುತ್ತದೆ.

ಮಾರುಕಟ್ಟೆ

ಎರಡು ಸರ್ಕಾರಗಳ ಅಧಿಕಾರಗಳು ಒಂದಕ್ಕೊಂದು ಹೆಚ್ಚಾಗಿ ತಾಗುವ ಸ್ಥಳವೆಂದರೆ ಮಾರುಕಟ್ಟೆ. ಮಾರುಕಟ್ಟೆಯು ರಾಜ್ಯದ ಬಾಬು. ಕರ್ನಾಟಕದಲ್ಲಿ ೧೯೬೬ರ ಕಾನೂನು ಇದಕ್ಕೆ ಆಧಾರ. ಆಹಾರ ಪದಾರ್ಥಗಳ ವ್ಯಾಪಾರದ ಮೇಲೆ ಸಂವಿಧಾನವು ಮೊದಲು ಪಾರ್ಲಿಮೆಂಟಿಗೆ ಐದು ವರ್ಷಗಳ ತಾತ್ಕಾಲಿಕ ಅಧಿಕಾರವನ್ನು ಕೊಟ್ಟಿತ್ತು. ಆ ಅವಧಿ ಮುಗಿಯುವ ಹೊತ್ತಿಗೆ, ೧೯೫೪ರ ಮೂರನೆಯ ತಿದ್ದುಪಡಿಯಿಂದ ಆಹಾರ ಪದಾರ್ಥ, ಎಣ್ಣೆಬೀಜ, ದನದ ಮೇವು, ಹತ್ತಿ, ಸೆಣಬು ಇವುಗಳ ವ್ಯಾಪಾರವು ಸಮವರ್ತಿ ಪಟ್ಟಿಯ ೩೩ನೆಯ ಬಾಬಿಗೆ ಸೇರಿತು. ೧೯೫೫ರ ಅಗತ್ಯ ವಸ್ತುಗಳ ಕಾನೂನು ಈ ಬಾಬಿನ ಬಲದಿಂದ ನಿಂತಿದೆ.

ಹೊಗೆಸೊಪ್ಪಿನ ಚರಿತ್ರೆಯನ್ನು ನೋಡಿದರೆ ಇಲ್ಲಿಯ ತೊಡಕು ತಿಳಿಯುತ್ತದೆ. ೧೯೭೫ರಲ್ಲಿ ಪಾರ್ಲಿಮೆಂಟು ತಂಬಾಕು ಮಂಡಲಿಯ ಕಾನೂನನ್ನು ಮಾಡಿತು. ಈ ಬೆಳೆಯ ಮಾರಾಟಕ್ಕೆ ರಾಜ್ಯದ ಮಾರುಕಟ್ಟೆ ಕಾನೂನೂ ಸಲ್ಲುವುದೇ ಎಂಬ ಪ್ರಶ್ನೆ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋಗಿ, ೧೯೮೫ರಲ್ಲಿ ಕೇಂದ್ರದ ಕಾನೂನೇ ಪ್ರಬಲವೆಂದು ತೀರ್ಪಾಯಿತು. ೨೦೦೨ರಲ್ಲಿ ಐವರು ನ್ಯಾಯಾಧೀಶರ ಪೀಠವು ಮೂವರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿ, ಸೊಪ್ಪಿನ ಮಾರಾಟದ ಮೇಲೆ ರಾಜ್ಯದ ಮಾರುಕಟ್ಟೆ ಸಮಿತಿಗಳಿಗೆ ಇರುವ ಅಧಿಕಾರವನ್ನು ಎತ್ತಿಹಿಡಿಯಿತು.

೨೦೨೦ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ಮಾಡಿದ ಮೂರು ಕೃಷಿ ಕಾನೂನುಗಳಲ್ಲಿ ಒಂದು, ಮಾರುಕಟ್ಟೆ ಪ್ರಾಂಗಣದ ಹೊರಗೆ ರಾಜ್ಯದ ಶುಲ್ಕವಿಲ್ಲದೆ ವ್ಯಾಪಾರ ನಡೆಸಲು ಅವಕಾಶ ಕೊಟ್ಟಿತು. ಅದು ೩೩ನೆಯ ಬಾಬಿನ ವ್ಯಾಪಾರವೆಂದು ಕೆಲವರೂ, ಮಾರುಕಟ್ಟೆಯೂ ವ್ಯವಸಾಯವೂ ರಾಜ್ಯದವೆಂದು ಕೆಲವರೂ ವಾದಿಸಿದರು. ೨೦೨೧ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಾನೂನುಗಳಿಗೆ ತಡೆ ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಪಾರ್ಲಿಮೆಂಟು ಅವುಗಳನ್ನು ರದ್ದುಪಡಿಸುವ ಮಸೂದೆಯನ್ನು ಅಂಗೀಕರಿಸಿತು. ಅಧಿಕಾರ ಯಾರದೆಂಬ ಪ್ರಶ್ನೆಯು ನ್ಯಾಯಾಲಯದಲ್ಲಿ ಇತ್ಯರ್ಥವಾಗದೆ ಉಳಿಯಿತು.

ಹೊರದೇಶದ ವ್ಯಾಪಾರದಲ್ಲಿ ಇಂತಹ ಸಂದೇಹವಿಲ್ಲ. ೨೦೨೩ರ ಆಗಸ್ಟಿನಲ್ಲಿ ಕೇಂದ್ರವು ಈರುಳ್ಳಿಯ ರಫ್ತಿಗೆ ಶೇಕಡಾ ೪೦ರ ಸುಂಕ ವಿಧಿಸಿದಾಗ, ಹೆಚ್ಚಾಗಿ ರಫ್ತಿಗೆಂದೇ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೂ ಅದು ತಗಲಿತು. ಮುಂದಿನ ತಿಂಗಳಲ್ಲಿ ಈ ತಳಿಗೆ ವಿನಾಯಿತಿ ದೊರೆಯಿತಾದರೂ, ಸರಕು ಅದೇ ತಳಿಯೆಂಬುದಕ್ಕೆ ಕರ್ನಾಟಕದ ತೋಟಗಾರಿಕಾ ಕಮಿಷನರರ ಪ್ರಮಾಣಪತ್ರ ಇರಬೇಕೆಂದು ವಿಧಿಸಲಾಯಿತು. ಸುಂಕವನ್ನು ಬಿಡುವವರು ಒಬ್ಬರು, ಸಾಕ್ಷಿ ಹೇಳುವವರು ಇನ್ನೊಬ್ಬರು. ಎರಡೂ ಸೇರಿದ ಹೊರತು ಮೂಟೆ ಹಡಗನ್ನು ಹತ್ತದು.

ಪರದೇಶದ ನಿದರ್ಶನ

ಈ ಬಗೆಯ ತೊಡಕು ನಮ್ಮ ದೇಶಕ್ಕೆ ಮಾತ್ರ ಮೀಸಲಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದ ಸಂವಿಧಾನವು ಕೇಂದ್ರಕ್ಕೆ ಕೊಟ್ಟ ಅಧಿಕಾರಗಳಲ್ಲಿ ವ್ಯವಸಾಯದ ಹೆಸರೇ ಇಲ್ಲ. ಬೆಲೆಗಳು ಕುಸಿದಿದ್ದ ಕಾಲದಲ್ಲಿ, ೧೯೩೩ರಲ್ಲಿ, ಬೆಳೆಯ ವಿಸ್ತೀರ್ಣವನ್ನು ಕಡಮೆ ಮಾಡಿಸಲು ಕೇಂದ್ರವು ಮಾಡಿದ ಕಾನೂನನ್ನು ಅಲ್ಲಿಯ ಸುಪ್ರೀಂ ಕೋರ್ಟು ೧೯೩೬ರಲ್ಲಿ, ವ್ಯವಸಾಯವು ರಾಜ್ಯಗಳ ವಿಷಯವೆಂದು ಹೇಳಿ ತಳ್ಳಿಹಾಕಿತು. ಆರೇ ವರ್ಷಗಳ ಮೇಲೆ, ೧೯೪೨ರಲ್ಲಿ, ಒಹಾಯೊ ರಾಜ್ಯದ ಫಿಲ್ಬರ್ನ್ ಎಂಬ ರೈತನು ತನಗೆ ಗೊತ್ತುಮಾಡಿದ್ದ ೧೧.೧ ಎಕರೆಗೆ ಬದಲಾಗಿ ೨೩ ಎಕರೆ ಗೋಧಿ ಬಿತ್ತಿದ ಮೊಕದ್ದಮೆಯಲ್ಲಿ, ಸ್ವಂತದ ಉಪಯೋಗಕ್ಕೆ ಬೆಳೆದ ಗೋಧಿಯೂ ರಾಜ್ಯರಾಜ್ಯಗಳ ನಡುವಣ ವ್ಯಾಪಾರದ ಮೇಲೆ ಪರಿಣಾಮ ಮಾಡುವುದರಿಂದ ಕೇಂದ್ರದ ಹತೋಟಿಗೆ ಒಳಪಡುವುದೆಂದು ಅದೇ ಕೋರ್ಟು ತೀರ್ಮಾನಿಸಿತು. ಕೆನಡಾ ದೇಶವು ೧೮೬೭ರಲ್ಲಿಯೇ ವ್ಯವಸಾಯವನ್ನು ಇಬ್ಬರಿಗೂ ಸೇರಿಸಿ, ವಿರೋಧ ಬಂದಲ್ಲಿ ಕೇಂದ್ರದ ಕಾನೂನು ನಿಲ್ಲತಕ್ಕದ್ದೆಂದು ಬರೆದಿಟ್ಟಿತು. ಗಡಿಗೆರೆಯನ್ನು ಎಲ್ಲಿಯೇ ಎಳೆದರೂ, ಕಾಲ ಬದಲಾದಂತೆ ಅದು ಸ್ವಲ್ಪಸ್ವಲ್ಪವಾಗಿ ಜರುಗುತ್ತದೆಂಬುದು ಇವುಗಳಿಂದ ವ್ಯಕ್ತವಾಗುತ್ತದೆ.

ಕಾನೂನು ಒಬ್ಬರದು, ಕೈ ಮತ್ತೊಬ್ಬರದು

ನಮ್ಮಲ್ಲಿ ಬೀಜ, ಗೊಬ್ಬರ, ಔಷಧಿಗಳ ಮಟ್ಟಿಗೆ ಕಾನೂನು ಕೇಂದ್ರದ್ದು, ಜಾರಿ ರಾಜ್ಯದ್ದು. ೧೯೬೬ರ ಬೀಜಗಳ ಕಾನೂನು, ೧೯೬೮ರ ಕೀಟನಾಶಕಗಳ ಕಾನೂನು, ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆ ಇವು ಮೂರೂ ದೆಹಲಿಯಲ್ಲಿ ಹುಟ್ಟಿದವು. ಒಂದು ಔಷಧಿಯನ್ನು ದೇಶದಲ್ಲಿ ಮಾರಬಹುದೇ ಎಂಬ ನೋಂದಣಿ ಕೇಂದ್ರದಲ್ಲಿ. ಅದನ್ನು ಮಾರುವ ಅಂಗಡಿಯವನಿಗೆ ಲೈಸೆನ್ಸು ರಾಜ್ಯದಲ್ಲಿ. ಮಾದರಿ ತೆಗೆಯುವವರು, ಪ್ರಯೋಗಶಾಲೆಗೆ ಕಳುಹಿಸುವವರು, ಮೊಕದ್ದಮೆ ಹೂಡುವವರು ಸಾಧಾರಣವಾಗಿ ರಾಜ್ಯದ ಕೃಷಿ ಇಲಾಖೆಯವರು. ಕಾನೂನು ಎಷ್ಟು ಚೆನ್ನಾಗಿದ್ದರೂ, ಮಾದರಿ ತೆಗೆಯುವ ಕೈ ಸಡಿಲವಾದರೆ ಕಳಪೆ ಬೀಜವೇ ಹೊಲಕ್ಕೆ ಬೀಳುವುದು.

ಹಣದ ವಿಚಾರ

ಕೆಲಸಗಳ ಹೊರೆ ರಾಜ್ಯಗಳ ಮೇಲೆ ಹೆಚ್ಚು. ಬೆಳೆಯುವ ತೆರಿಗೆಗಳು ಕೇಂದ್ರದಲ್ಲಿ ಹೆಚ್ಚು. ಈ ಅಂತರವನ್ನು ತುಂಬುವುದಕ್ಕೆ ೨೮೦ನೆಯ ವಿಧಿಯಂತೆ ಹಣಕಾಸು ಆಯೋಗವು ನೇಮಕವಾಗುತ್ತದೆ. ಹದಿನೈದನೆಯ ಆಯೋಗವು ೨೦೨೧ರಿಂದ ೨೦೨೬ರ ವರೆಗೆ ಹಂಚತಕ್ಕ ತೆರಿಗೆಗಳಲ್ಲಿ ಶೇಕಡಾ ೪೧ನ್ನು ರಾಜ್ಯಗಳಿಗೆ ಗೊತ್ತುಮಾಡಿತು. ಆ ಮೊತ್ತದಲ್ಲಿ ಕರ್ನಾಟಕದ ಪಾಲು ಹಿಂದಿನ ಆಯೋಗದ ಕಾಲದಲ್ಲಿ ಶೇಕಡಾ ೪.೭೧೩ ಇದ್ದುದು ೩.೬೪೭ಕ್ಕೆ ಇಳಿಯಿತು. ಸೆಸ್ಸು ಮತ್ತು ಸರ್ಚಾರ್ಜುಗಳು ಹಂಚತಕ್ಕ ತೆರಿಗೆಗಳಲ್ಲಿ ಸೇರುವುದಿಲ್ಲ.

ಈ ಅಂಕಿಗಳು ರೈತನ ಮನೆಯ ಬಾಗಿಲಿಗೆ ಬರುವುದು ಬರಗಾಲದಲ್ಲಿ. ೨೦೨೩ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಪ್ರಕಟವಾದವು. ಬರವನ್ನು ಪ್ರಕಟಿಸುವುದೂ ಬೆಳೆನಷ್ಟವನ್ನು ಅಂದಾಜು ಮಾಡುವುದೂ ರಾಜ್ಯ. ರಾಷ್ಟ್ರೀಯ ವಿಪತ್ತು ನಿಧಿಯಿಂದ ನೆರವನ್ನು ಮಂಜೂರು ಮಾಡುವುದು ಕೇಂದ್ರ. ರಾಜ್ಯವು ಸುಮಾರು ೧೮,೧೭೧ ಕೋಟಿ ರೂಪಾಯಿಗಳನ್ನು ಕೇಳಿತು. ನೆರವು ತಡವಾಯಿತೆಂದು ೨೦೨೪ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಏಪ್ರಿಲ್ ಕಡೆಯಲ್ಲಿ ಸುಮಾರು ೩,೪೫೪ ಕೋಟಿ ಬಿಡುಗಡೆಯಾಯಿತು. ಕೇಳಿದುದು ಹೆಚ್ಚೋ ಕೊಟ್ಟುದು ಕಡಮೆಯೋ ಎಂಬ ವಾದ ಹೇಗಾದರೂ ಇರಲಿ. ಮುಂಗಾರಿನಲ್ಲಿ ಒಣಗಿದ ರಾಗಿಗೆ ಮುಂದಿನ ಬೇಸಗೆಯಲ್ಲಿ ನೆರವು ಬಂದಿತೆಂಬುದಂತೂ ನಿಜ. ಅಧಿಕಾರವನ್ನು ಹಂಚುವಾಗ ಕಾಲವನ್ನೂ ಗೊತ್ತುಮಾಡದೆ ಹೋದರೆ ಅದರ ಬಡ್ಡಿಯನ್ನು ತೆರುವವನು ರೈತ.

ರೈತರು ಗಮನಿಸತಕ್ಕ ಅಂಶಗಳು

೧. ಪಹಣಿ, ಕಂದಾಯ, ನಾಲೆ, ಮಂಡಿ, ಸಹಕಾರ ಸಂಘದ ಸಾಲ ಇವುಗಳ ದೂರನ್ನು ರಾಜ್ಯದ ಆಯಾ ಇಲಾಖೆಗೆ ಕೊಡಬೇಕು. ಬಹುರಾಜ್ಯ ಸಹಕಾರ ಸಂಘಗಳು ಮಾತ್ರ ಕೇಂದ್ರದ ಕಾನೂನಿಗೆ ಸೇರಿದವು.

೨. ಬೀಜ, ಗೊಬ್ಬರ, ಔಷಧಿ ಕಳಪೆಯೆಂದು ಕಂಡಲ್ಲಿ, ಕಾನೂನು ಕೇಂದ್ರದ್ದಾದರೂ, ದೂರು ಹೋಗಬೇಕಾದುದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಚೀಲ, ಅದರ ಚೀಟಿ, ಅಂಗಡಿಯ ರಸೀತಿ ಈ ಮೂರನ್ನೂ ಫಸಲು ಕೈಸೇರುವವರೆಗೆ ಜೋಪಾನವಾಗಿಡತಕ್ಕದ್ದು.

೩. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಮತ್ತು ಎಣ್ಣೆಬೀಜದ ಬೆಳೆಗಳಿಗೆ ರೈತನು ಕೊಡುವುದು ವಿಮಾ ಮೊತ್ತದ ಶೇಕಡಾ ೨ಕ್ಕೆ ಮೀರದಷ್ಟು ಕಂತು, ಹಿಂಗಾರಿಗೆ ೧.೫. ಉಳಿದ ಕಂತನ್ನು ಎರಡು ಸರ್ಕಾರಗಳೂ ಭರಿಸುತ್ತವೆ. ಆಲಿಕಲ್ಲು, ಹೊಲ ಮುಳುಗಡೆ ಮುಂತಾದ ಸ್ಥಳೀಯ ನಷ್ಟವನ್ನು ೭೨ ಗಂಟೆಗಳೊಳಗೆ ತಿಳಿಸದೆ ಹೋದರೆ ಪರಿಹಾರ ಕೈತಪ್ಪಬಹುದು.

೪. ಕನಿಷ್ಠ ಬೆಂಬಲ ಬೆಲೆಯನ್ನು ಪ್ರಕಟಿಸುವುದು ಕೇಂದ್ರ. ಖರೀದಿ ಕೇಂದ್ರವನ್ನು ಊರಿನ ಹತ್ತಿರ ತೆರೆದು ನಡೆಸುವುದು ಬಹುಮಟ್ಟಿಗೆ ರಾಜ್ಯದ ಸಂಸ್ಥೆಗಳು. ಬೆಲೆ ಸಾಲದೆಂಬ ಮನವಿ ಒಂದು ಕಡೆಗೆ, ಖರೀದಿ ತಡವೆಂಬ ದೂರು ಇನ್ನೊಂದು ಕಡೆಗೆ ಹೋಗಬೇಕು. ಕಬ್ಬಿಗೆ ಕೇಂದ್ರವು ಗೊತ್ತುಮಾಡಿದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ರಾಜ್ಯವು ವಿಧಿಸಬಹುದೆಂದು ೨೦೦೪ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದನ್ನು ಕಬ್ಬು ಬೆಳೆಗಾರರು ನೆನಪಿಡತಕ್ಕದ್ದು.

೫. ಹೊಸ ಹುಳುವೋ ರೋಗವೋ ಕಂಡರೆ ಪಟ್ಟಿಗಳ ಗೊಡವೆಗೆ ಹೋಗದೆ ಅದೇ ದಿನ ಹತ್ತಿರದ ಕೃಷಿ ಅಧಿಕಾರಿಗೆ ತಿಳಿಸಬೇಕು. ಮುಂದಿನ ಸುದ್ದಿಯನ್ನು ರಾಜ್ಯಕ್ಕೂ ಕೇಂದ್ರಕ್ಕೂ ಮುಟ್ಟಿಸುವುದು ಇಲಾಖೆಯ ಹೊಣೆ.

ಎರಡು ಹೊಲಗಳ ನಡುವಣ ಬದುವು ಗಟ್ಟಿಯಾಗಿದ್ದರೆ ಮಣ್ಣು ಉಳಿಯುತ್ತದೆ. ಅದರಲ್ಲಿ ನೀರಿಗೆ ತಕ್ಕ ದಾರಿಯೂ ಇದ್ದರೆ ಬೆಳೆ ಉಳಿಯುತ್ತದೆ. ಕೇಂದ್ರ ಮತ್ತು ರಾಜ್ಯಗಳ ನಡುವೆ ಸಂವಿಧಾನವು ಹಾಕಿರುವ ಬದುವಿಗೂ ಈ ಎರಡು ಗುಣಗಳು ಬೇಕು. ಅದನ್ನು ಕಾಯುವುದು ಸರ್ಕಾರಗಳ ಮತ್ತು ನ್ಯಾಯಾಲಯಗಳ ಕೆಲಸವಾದರೂ, ಯಾವ ಕೆಲಸಕ್ಕೆ ಯಾರು ಹೊಣೆಯೆಂದು ತಿಳಿದು, ಬೇಕಾದುದನ್ನು ಬೇಕಾದವರಿಂದ ಸಕಾಲದಲ್ಲಿ ಕೇಳಿ ಪಡೆಯುವುದು ರೈತರ ಕೈಯಲ್ಲಿದೆ.